ಎಡಕ್ಕೆ ಎಳೆಯುವ ಗಾಡಿ

ಹೋದ ತಿಂಗಳು ಅರೇಹಳ್ಳಿಗೆ ಹೋಗಿದ್ದೆ. ನನ್ನ ಜೊತೆ ಪಾಠ ಹೇಳುವ ಗೆಳತಿಯ ಮನೆಯಲ್ಲಿ ನಾಮಕರಣ. ಊಟ ಮುಗಿಸಿ ಬಸ್ಸಿಗೆಂದು ಬಂದು ನಿಂತರೆ, ಎದುರಿನ ನರ್ಸರಿಯ ಮುಂದೆ ಒಂದು ಹಳೆಯ ಪಿಕಪ್ ನಿಂತಿತ್ತು. ಮುಂದೆ ಜೀಪಿನ ಮೂತಿ, ಹಿಂದೆ ತೆರೆದ ತೊಟ್ಟಿ, ತೊಟ್ಟಿಯ ತುಂಬ ಮೆಣಸಿನ ಬಳ್ಳಿಯ ಸಸಿಗಳು. ಬಣ್ಣ ಹಸಿರು. ನಮ್ಮದು ನೀಲಿ ಇತ್ತು. ಅಂಥ ಗಾಡಿಗಳು ಈಗ ಕಡಿಮೆ, ಅದಕ್ಕೇ ಕಣ್ಣು ಹೋಯಿತು ಅಂದುಕೊಂಡೆ. ಆಮೇಲೆ ಹಿಂಬಾಗಿಲಿನ ಚಿಲಕ ನೋಡಿದೆ. ಚಿಲಕ ಮುರಿದಾಗ ಅದರ ಜಾಗಕ್ಕೆ ನಮ್ಮಪ್ಪ ಎತ್ತಿನ ಲಾಳವೊಂದನ್ನು ಬೆಸುಗೆ ಹಾಕಿಸಿದ್ದ. ಲಾಳ ಅಲ್ಲೇ ಇತ್ತು, ಅದಕ್ಕೂ ಹಸಿರು ಬಳಿದಿದ್ದರು.

ಬಸ್ಸು ಬಂತು. ನಾನು ಹತ್ತಲಿಲ್ಲ.

ಅರಸೀಕೆರೆಯ ತೆಂಗಿನಕಾಯಿ ಮಂಡಿಯಲ್ಲಿ ಇವತ್ತಿಗೂ ನಮ್ಮಪ್ಪನ ಮಾತು ಬಂದರೆ ಜನ ಎರಡು ವಿಷಯ ಹೇಳುತ್ತಾರೆ. ಇಪ್ಪತ್ತು ವರ್ಷ ಗಾಡಿಗೆ ಒಂದು ಗೀರು ಬೀಳದ ಹಾಗೆ ಓಡಿಸಿದ ಡ್ರೈವರ್ ರಂಗಣ್ಣ ಅನ್ನುವುದು ಒಂದು. ಪಾಪ, ಕೊನೆಗೆ ಒಂದು ದಿನ ನಿದ್ದೆ ಹತ್ತಿ ಹುಣಸೆ ಮರಕ್ಕೆ ಗುದ್ದಿಬಿಟ್ಟ ಅನ್ನುವುದು ಇನ್ನೊಂದು. ಎರಡನೆಯದು ಸುಳ್ಳು. ಸುಳ್ಳೆಂದು ನನಗೆ ಗೊತ್ತಿತ್ತು. ಆರು ವರ್ಷ ನಾನು ಬಾಯಿ ಬಿಡಲಿಲ್ಲ.

ಆ ವರ್ಷ ಹಸ್ತ ಮಳೆ ಹಿಡಿದಾಗ ನಾನು ಹಾರನಹಳ್ಳಿ ಪಕ್ಕದ ನಮ್ಮೂರಿನಲ್ಲಿದ್ದೆ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿದು ವರ್ಷವಾಗಿತ್ತು. ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಪರೀಕ್ಷೆ ಬರೆದಿದ್ದೆ, ಪಟ್ಟಿಯಲ್ಲಿ ಹೆಸರು ಬಂದಿತ್ತು, ಆದೇಶ ಬರಬೇಕಿತ್ತು. ನಮ್ಮ ವಂಶದಲ್ಲಿ ಡಿಗ್ರಿ ಅನ್ನುವುದು ನನ್ನಿಂದ ಶುರು. ತಾತ ತಲೆಯ ಮೇಲೆ ಕಾಯಿ ಚೀಲ ಹೊತ್ತು ಮಂಡಿಗೆ ಸಾಗಿಸುತ್ತಿದ್ದ. ಅಪ್ಪ ಎತ್ತಿನ ಗಾಡಿ ಹೊಡೆದ, ಆಮೇಲೆ ಎತ್ತು ಮಾರಿ ಹಳೆಯ ಪಿಕಪ್ ತಂದ. ನಾನು ಆ ಪಿಕಪ್ಪಿನ ಎಡಗಡೆ ಸೀಟಿನಲ್ಲಿ ಕೂತು ಸ್ಕೂಲಿಗೆ ಹೋದೆ, ಕಾಲೇಜಿಗೆ ಹೋದೆ. ಹೆಮ್ಮೆ ಇತ್ತು. ಈಗಲೂ ಇದೆ, ಅದನ್ನು ಮುಚ್ಚಿಟ್ಟು ಬರೆಯುವುದು ನನ್ನಿಂದ ಆಗುವುದಿಲ್ಲ. ಆದರೆ ಆ ಹೆಮ್ಮೆಗೆ ಕೈಯಲ್ಲಿ ಕೆಲಸವಿರಲಿಲ್ಲ. ನೀರು ತರಲು ಹೋದರೆ ಹೆಂಗಸರು ಕೇಳುತ್ತಿದ್ದರು, "ಏನ್ ಸುಜಾತವ್ವ, ಓದಿ ಮುಗೀತಾ? ಇನ್ನೂ ಉಳಕಂಡೈತಾ?"

ಅಪ್ಪನ ಕೆಲಸ ಇಷ್ಟು: ಅರಸೀಕೆರೆ ಮಂಡಿಯಲ್ಲಿ ಕಾಯಿ ತುಂಬಿಕೊಂಡು ಜಾವಗಲ್ ದಾಟಿ ಹಳೇಬೀಡು, ಅಲ್ಲಿಂದ ಬೇಲೂರು. ಹೋಟೆಲಿಗೆ ಒಂದಷ್ಟು, ಪೂಜೆ ಸಾಮಾನಿನ ಅಂಗಡಿಗಳಿಗೆ ಮಿಕ್ಕಿದ್ದು. ನಾವು ಬೌದ್ಧರಾದ ಮೇಲೆ ಮನೆಯಲ್ಲಿ ಕಾಯಿ ಒಡೆಯುವುದು ನಿಂತಿತ್ತು. "ನಾವು ದೇವ್ರನ್ನ ಬಿಟ್ರೂ ದೇವ್ರ ಕಾಯಿ ನಮ್ಮನ್ನ ಬಿಡ್ಲಿಲ್ಲ ಕಣ್ಲಾ" ಎಂದು ಅಪ್ಪ ಮಂಡಿಯವರ ಹತ್ತಿರ ನಗುತ್ತಿದ್ದ.

ಆಯುಧಪೂಜೆ ದಿನ ಊರಿನ ಗಾಡಿಗಳೆಲ್ಲ ಬಾಳೆಕಂದು ಕಟ್ಟಿಕೊಂಡು ನಿಂತರೆ, ಅಪ್ಪ ನಮ್ಮ ಗಾಡಿಯನ್ನು ಕೆರೆಯಲ್ಲಿ ತೊಳೆದು, ಸಂದು ಸಂದಿಗೂ ಗ್ರೀಸು ತುಂಬಿ, ಮುಂದಿನ ಗಾಜಿನ ಹತ್ತಿರವಿದ್ದ ಬೆರಳುದ್ದದ ಬುದ್ಧನನ್ನು ಒರೆಸಿ ಇಟ್ಟ. ಅಷ್ಟೇ ಅವನ ಪೂಜೆ. ಮಾರನೆಯ ದಿನ ಲೋಡಿನ ಜೊತೆ ನಾನೂ ಹೊರಟೆ. ಜಿನುಗು ಮಳೆ. ಜಾವಗಲ್ಲಿನ ಹತ್ತಿರ ಕುರಿಮಂದೆ ಅಡ್ಡ ಬಂತು. ಅಪ್ಪ ಬ್ರೇಕ್ ಒತ್ತಿದ. ನಾನು ನೂರು ಸಲ ಆ ಸೀಟಿನಲ್ಲಿ ಕೂತಿದ್ದೆ, ಆದರೆ ಅವತ್ತೇ ಮೊದಲು ನೋಡಿದ್ದು: ಕಾಲು ಬ್ರೇಕಿಗೆ ಹೋದ ಗಳಿಗೆಯಲ್ಲೇ ಅಪ್ಪನ ಬಲಗೈ ಸ್ಟಿಯರಿಂಗನ್ನು ಬಲಕ್ಕೆ ಒಂದಿಷ್ಟು ಎಳೆದುಕೊಂಡಿತು.

"ಅಪ್ಪ, ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ಯಾಕೆ ಬಲಕ್ಕೆ ತಿರುಗಿಸ್ತೀಯ?"

"ನಾನೆಲ್ಲಿ ತಿರುಗಿಸ್ದೆ?"

"ಈಗ ತಿರುಗಿಸಿದ್ಯಲ್ಲ."

ಅಪ್ಪ ತನ್ನ ಕೈಯನ್ನೇ ನೋಡಿಕೊಂಡ, ಬೇರೆ ಯಾರದೋ ಕೈ ಎನ್ನುವ ಹಾಗೆ. ಕುರಿ ಹೋದವು, ಗಾಡಿ ಹೊರಟಿತು. ಒಂದು ಫರ್ಲಾಂಗ್ ಹೋದ ಮೇಲೆ ಇನ್ನೊಂದು ಸಲ ಬ್ರೇಕ್ ಒತ್ತಿ ತಾನೇ ಪರೀಕ್ಷೆ ಮಾಡಿದ.

"ಓ, ಅದಾ. ಇದಕ್ಕೆ ಎಡಕ್ಕೆ ಒಂದು ಆಸೆ ಐತೆ ಕಣವ್ವ. ಬ್ರೇಕ್ ಹಿಡಿದ್ರೆ ಎಡಕ್ಕೆ ಹೋಯ್ತೀನಿ ಅಂತದೆ. ನಾನು ವಸಿ ಈ ಕಡೀಕೆ ಕರ್ಕೊಂತೀನಿ."

"ಎಷ್ಟು ವರ್ಷದಿಂದ?"

"ನೀ ಇಸ್ಕೂಲ್ ಸೇರ್ದಾಗಿಂದ. ಎಡಗಡೆ ಕೂತ್ಕಂಡು ಕೂತ್ಕಂಡು ಕಮಾನು ಕುಸಿಯಂಗೆ ಮಾಡಿದ್ದು ನೀನೇಯ. ಈಗ ಬಂದ್ಬುಟ್ಲು ಕೇಳಕ್ಕೆ."

ತಮಾಷೆಗೆ ಹೇಳಿದ. ಆದರೆ ಕಮಾನು, ಅಂದರೆ ಚಕ್ರದ ಮೇಲೆ ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ ಕಟ್ಟು, ನಿಜವಾಗಿಯೂ ಎಡಗಡೆ ಕುಸಿದಿತ್ತು. ಹಳೇಬೀಡಿನಲ್ಲಿ ಕಾಯಿ ಇಳಿಸುವಾಗ ನಾನು ಗಾಡಿಯ ಕೆಳಗೆ ತೂರಿ ನೋಡಿದೆ. ಮುಂದಿನ ಎರಡು ಚಕ್ರಗಳ ಬ್ರೇಕು ಎರಡು ತರ ಹಿಡಿಯುತ್ತಿತ್ತು. ಎಡಗಡೆಯದು ಬೇಗ, ಬಲಗಡೆಯದು ನಿಧಾನ. ಕಾಲೇಜಿನಲ್ಲಿ ಇದನ್ನು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಹೇಳಿಕೊಟ್ಟಿದ್ದರು. ಸೀರೆಗೆ ಅಂಟಿದ ಮಣ್ಣು ಕೊಡವುತ್ತಾ ಎದ್ದು ಹೇಳಿದೆ, "ಇದನ್ನ ನಾನು ಸರಿ ಮಾಡ್ತೀನಿ."

"ಎಡಕ್ಕೆ ಎಳೆಯೋದು ಒಳ್ಳೇದೇ ಬಿಡು. ಹೆಚ್ಚೂ ಕಮ್ಮಿಯಾದ್ರೆ ಚರಂಡಿಗೆ ಹೋಯ್ತದೆ. ಎದುರುಗಡೆ ಲಾರಿಗೆ ಹೋಗಾಕಿಲ್ಲ."

ಅಂಗಡಿಯವನು ನಕ್ಕ. ನಾನೂ ನಕ್ಕೆ. ಆ ಮಾತನ್ನು ಆಮೇಲೆ ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ.

ಅರಸೀಕೆರೆಯಲ್ಲಿ ರೈಲ್ವೆ ಗೇಟಿನ ಆಚೆ ನಂಜುಂಡಣ್ಣನ ಗ್ಯಾರೇಜು. ಅಪ್ಪನಿಗಿಂತ ಐದಾರು ವರ್ಷ ಚಿಕ್ಕವನು, ಬಾಯಿ ಮಾತ್ರ ದೊಡ್ಡದು. ನಾನು ಬರೆದು ತಂದ ಹಾಳೆಯನ್ನು ಗ್ರೀಸಿನ ಕೈಯಲ್ಲೇ ಹಿಡಿದು ದೂರ ಮಾಡಿ ಓದಿದ. ಮುಂದಿನ ಎರಡೂ ಕಡೆಗೆ ಹೊಸ ಕಮಾನು, ಹೊಸ ಶಾಕ್ ಅಬ್ಸಾರ್ಬರ್, ಹಳೆಯ ಡ್ರಮ್ ಬ್ರೇಕ್ ಕಿತ್ತು ಹೊಸ ಕಾಲದ ಗಾಡಿಯ ಡಿಸ್ಕ್ ಬ್ರೇಕ್.

"ಏನ್ ಇಂಜಿನಿಯರಮ್ಮೋರೆ, ಮುದುಕಂಗೆ ಹೊಸ ಹಲ್ಲು ಕಟ್ಟುಸ್ತೀರಾ?"

"ಹಲ್ಲು ಇದ್ರೆ ತಾನೇ ನಂಜುಂಡಣ್ಣ ಕಚ್ಚೋದು?"

"ಅದ್ಸರಿ, ಡ್ರಮ್ಮಿಗೇನ್ ರೋಗ ಬಂದಿತ್ತು?"

ಹೇಳಿದೆ. ಡ್ರಮ್ಮು ಪಾತ್ರೆಯನ್ನು ಒಳಗಿನಿಂದ ಕೈ ಅಗಲಿಸಿ ಹಿಡಿದ ಹಾಗೆ. ಡಿಸ್ಕು ರೊಟ್ಟಿಯನ್ನು ಎರಡು ಬೆರಳಿನಲ್ಲಿ ಹಿಡಿದ ಹಾಗೆ. ಯಾವುದು ಜಾರುವುದಿಲ್ಲ ನೀವೇ ಹೇಳಿ. ನಂಜುಂಡಣ್ಣ ಅಪ್ಪನ ಕಡೆ ತಿರುಗಿ, "ರಂಗಣ್ಣ, ನಿನ್ ಮಗಳು ನನ್ ಹೊಟ್ಟೆ ಮೇಲೆ ಹೊಡೀತಾಳೆ ಕಣಪ್ಪೋ" ಅಂದ. ಅಪ್ಪ ಬಾಗಿಲ ಬಳಿ ಟೀ ಲೋಟ ಹಿಡಿದು ನಿಂತು ಮಳೆ ನೋಡುತ್ತಿದ್ದ. ಮುಖದಲ್ಲಿದ್ದ ಸಂತೋಷವನ್ನು ಲೋಟ ಎತ್ತಿ ಮುಚ್ಚಿಕೊಂಡ. ನನಗೆ ಕಂಡಿತು.

ಕಾರ್ತಿಕ ಶುರುವಾಗಿ ಕಾಯಿಗೆ ಎಲ್ಲ ಕಡೆಯಿಂದ ಕೇಳಿಕೆ. ಆ ಹೊತ್ತಿನಲ್ಲೇ ಗಾಡಿ ಹನ್ನೊಂದು ದಿನ ಗ್ಯಾರೇಜಿನಲ್ಲಿ ಕಲ್ಲಿನ ಮೇಲೆ ಕೂತಿತು. ನಾನು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬರುತ್ತಿದ್ದೆ. ತುಕ್ಕು ಹಿಡಿದ ಬೋಲ್ಟುಗಳು ಒಂದೂ ಸಲೀಸಾಗಿ ಬರಲಿಲ್ಲ. ಡೀಸೆಲ್ ಬಿಟ್ಟು, ಕಾಯಿಸಿ, ಪಾನಾ ಹಾಕಿ ಅದರ ಮೇಲೆ ನಿಂತು ತೂಗಿ ಬಿಚ್ಚಬೇಕಾಯಿತು. ಒಂದು ದಿನ ಪಾನಾ ಜಾರಿ ನನ್ನ ಗಲ್ಲಕ್ಕೆ ಬಡಿದು ಊದಿಕೊಂಡಿತು. ಅವ್ವ ನೋಡಿ, "ಕೂಸಿನ ಮಕ ನೋಡು, ಇದಕ್ಕೆ ಓದಿಸ್ದ್ಯಾ?" ಎಂದು ಅಪ್ಪನ ಮೇಲೆ ಹರಿಹಾಯ್ದಳು. "ಓದದೇ ಇದ್ದಿದ್ರೆ ಪಾನಾ ಹಿಡಿಯಕ್ಕೆ ಯಾರ್ ಬಿಡೋರು?" ಎಂದ ಅಪ್ಪ. ನನಗೆ ಆ ಹನ್ನೊಂದು ದಿನ ನನ್ನ ಬದುಕಿನ ಅತ್ಯಂತ ಸುಖದ ದಿನಗಳು. ಓದಿದ್ದು ಕೈಗೆ ಇಳಿಯುವುದು ಅಂದರೆ ಏನೆಂದು ಆಗ ಗೊತ್ತಾಯಿತು.

ಹಳೆಯ ಎಡಗಡೆ ಕಮಾನು ಬಿಚ್ಚಿ ನೆಲಕ್ಕೆ ಹಾಕಿದಾಗ ಬಿಲ್ಲಿನ ಹಾಗೆ ಬಾಗಿರಬೇಕಾದದ್ದು ಬಾಗಿಯೇ ಇರಲಿಲ್ಲ. ಮೇಲಿನ ಪಟ್ಟಿ ಹಲಗೆಯ ಹಾಗೆ ನೆಟ್ಟಗಿತ್ತು. ಅಪ್ಪ ಕೂತು ಅದರ ಮೇಲೆ ಕೈಯಾಡಿಸಿದ.

"ಎಷ್ಟು ಭಾರ ಹೊತ್ತೈತೆ ನೋಡು" ಎಂದ.

ನಂಜುಂಡಣ್ಣ ಹೊಸದನ್ನು ಕೂರಿಸುತ್ತಾ ಹೇಳಿದ, "ಗಾಡಿನೇನೋ ಬಿಚ್ಚಿ ಕಟ್ಬೋದು ಕಣವ್ವ. ನಿಮ್ಮಪ್ಪನ ಕೈ ಬಿಚ್ಚಕ್ಕಾಯ್ತದಾ?"

ಅವನು ದಿನಕ್ಕೆ ಇಂಥ ನೂರು ಮಾತು ಆಡುತ್ತಿದ್ದ. ಇದೂ ಒಂದು ಎಂದು ನಾನು ಬಿಟ್ಟೆ.

ಕೊನೆಯ ದಿನ ಬ್ರೇಕ್ ಆಯಿಲ್ ತುಂಬಿ ಕೊಳವೆಯೊಳಗಿನ ಗಾಳಿ ತೆಗೆದೆವು. ಅಪ್ಪ ಒಳಗೆ ಕೂತು ಪೆಡಲ್ ತುಳಿಯುವುದು, ನಾನು ಕೆಳಗೆ ಮಲಗಿ ತಿರುಪು ಸಡಿಲಿಸುವುದು. "ತುಳಿ", "ಹಿಡ್ಕೋ", "ಬಿಡು." ಇಬ್ಬರೂ ಒಬ್ಬರಿಗೊಬ್ಬರು ಕಾಣದೆ ಒಂದು ಗಂಟೆ ಹೀಗೇ ಮಾತಾಡಿದೆವು. ನಂಜುಂಡಣ್ಣ ಚಕ್ರದ ಕೆಳಗಿಡಲು ನಿಂಬೆಹಣ್ಣು ತಂದ. ಅಪ್ಪ ಬೇಡ ಅಂದ. "ಹಣ್ಣನ್ನ ಯಾಕ್ಲಾ ಸಾಯಿಸ್ತೀಯ, ಪಾನಕ ಮಾಡ್ಸು."

ಗ್ಯಾರೇಜಿನಿಂದ ಆಚೆ ಖಾಲಿ ರಸ್ತೆಯಲ್ಲಿ ನಾನೇ ಓಡಿಸಿದೆ. ವೇಗ ಹಿಡಿಸಿ, ಸ್ಟಿಯರಿಂಗ್ ಮೇಲಿನ ಕೈ ಸಡಿಲ ಬಿಟ್ಟು, ಬ್ರೇಕ್ ಒತ್ತಿದೆ. ಗಾಡಿ ಎತ್ತಲೂ ಹೊರಳದೆ ನಿಂತಿತು. ಇಳಿದು ಬಂದು ಅಪ್ಪನ ಮುಖ ನೋಡಿದೆ. ನನಗೆ ಒಂದು ಮಾತು ಬೇಕಿತ್ತು. ನಾಲ್ಕು ವರ್ಷ ಓದಿದ್ದಕ್ಕೆ, ಅವನು ಮಳೆಯಲ್ಲಿ ಬಿಸಿಲಲ್ಲಿ ಕಾಯಿ ಹೊತ್ತಿದ್ದಕ್ಕೆ, ಸಿಕ್ಕ ಮೊದಲ ಫಲ ಇದು. 'ಭೇಷ್' ಎನ್ನುವ ಮಾತು ಅಪ್ಪನ ಬಾಯಲ್ಲಿತ್ತು, ಎತ್ತಿಗೆ ಹೇಳುತ್ತಿದ್ದ, ನನಗೆ ಹೇಳಿರಲಿಲ್ಲ.

"ಊಂ. ನಿಂತ್ಕಂತದೆ" ಎಂದ ಅಪ್ಪ. ಅಷ್ಟೇ.

ಅವತ್ತು ಊಟಕ್ಕೆ ಕೂತಾಗ ಅಪ್ಪ ಹೇಳಿದ, "ಒಂದು ವಾರ ಬರಿಗಾಡಿ ಹೊಡೀತೀನಿ."

ಎತ್ತಿನ ಕಾಲದ ಮಾತು ಅದು. ಸಂತೆಯಿಂದ ಹೊಸ ಎತ್ತು ತಂದರೆ ಒಡನೆಯೇ ಭಾರ ಹೇರುತ್ತಿರಲಿಲ್ಲ. ವಾರ ಕಾಲ ಖಾಲಿ ಗಾಡಿಗೆ ಕಟ್ಟಿ ಊರು ಸುತ್ತಿಸುತ್ತಿದ್ದರು. ಅದಕ್ಕೆ ಬರಿಗಾಡಿ ಹೊಡೆಯುವುದು ಅನ್ನುತ್ತಿದ್ದರು.

ನನಗೆ ಸಿಟ್ಟು ಬಂತು. "ಇದೇನು ಎತ್ತಾ ಅಪ್ಪ? ಎಲ್ಲಾ ಅಳತೆ ಹಿಡಿದು ನೋಡಿದ್ದೀನಿ. ಬೇಲೂರಿನವರು ಬೆಳಿಗ್ಗೆಯಿಂದ ನಾಲ್ಕು ಸಲ ಫೋನ್ ಮಾಡಿದ್ದಾರೆ. ನನ್ನ ಕೆಲಸದ ಮೇಲೆ ನಂಬಿಕೆ ಇಲ್ಲ ಅಂತ ಹೇಳು."

"ಹಂಗಲ್ಲ ಕಣವ್ವ. ಬರಿಗಾಡಿ ಹೊಡೆಯೋದು ಎತ್ತು ಪಳಗ್ಲಿ ಅಂತ ಮಾತ್ರ ಅಲ್ಲ. ಹೊಡೆಯೋನೂ ಪಳಗ್ಬೇಕಲ್ಲ."

"ಇಪ್ಪತ್ತು ವರ್ಷ ಓಡಿಸಿದ್ದೀಯ. ಇನ್ನೇನು ಪಳಗೋದು?"

ಅಪ್ಪ ಮುದ್ದೆ ಮುರಿದ. ನನ್ನ ಮುಖ ನೋಡಿದ. ಊದಿದ ಗಲ್ಲ ಇನ್ನೂ ಇಳಿದಿರಲಿಲ್ಲ.

"ಸರಿ ಬಿಡು. ನಾಳೆ ಲೋಡ್ ತುಂಬ್ತೀನಿ" ಎಂದ.

ನನಗೆ ಯಾಕೆ ಅಷ್ಟು ಅವಸರವಿತ್ತು? ಆದೇಶ ಯಾವತ್ತಾದರೂ ಬರಬಹುದಿತ್ತು. ಹೊರಡುವ ಮೊದಲು ತುಂಬಿದ ಗಾಡಿ ನೆಟ್ಟಗೆ ನಿಲ್ಲುವುದನ್ನು ಮಂಡಿಯವರೆಲ್ಲ ನೋಡಬೇಕು, 'ರಂಗಣ್ಣನ ಮಗಳು ಮಾಡಿದ್ದು' ಎನ್ನಬೇಕು. ಇದಕ್ಕಿಂತ ದೊಡ್ಡ ಕಾರಣ ಇರಲಿಲ್ಲ.

ಮೂರು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಅಪ್ಪ ಬೇಲೂರಿನಿಂದ ಬಂದವನು ಅವ್ವನಿಗೆ ಹೇಳುತ್ತಿದ್ದ, "ಹೊಂಡಕ್ಕೆ ಇಳಿದ್ರೂ ಕಾಯಿ ಎಗರಾಕಿಲ್ಲ ಕಣೇ, ತೊಟ್ಲು ತೂಗ್ದಂಗೆ ಹೋಯ್ತದೆ." ನಾನು ಒಳಗೆ ನಿಂತು ಕೇಳಿಸಿಕೊಂಡೆ. ಆ ಮೂರು ದಿನ ಅಪ್ಪನಿಗೆ ಅದು ಹೊಸ ಗಾಡಿ. ಪ್ರತಿ ಸಲ ಬ್ರೇಕ್ ಒತ್ತುವಾಗಲೂ ನೆನಪಿಟ್ಟುಕೊಂಡು ಒತ್ತಿದ್ದಾನೆ. ನಾಲ್ಕನೆಯ ದಿನ ಅದು ಮತ್ತೆ ಅವನ ಗಾಡಿಯಾಯಿತು. ನೆನಪಿಡುವುದು ಮರೆತ.

ಅಷ್ಟರಲ್ಲಿ ಮಳೆ ಪೂರ್ತಿ ಹೋಗಿ ಚಳಿ ಬಿದ್ದಿತ್ತು. ರಾಗಿ ಕೊಯ್ಲು. ನಮ್ಮ ಕಡೆ ಈಗ ಕಣ ಮಾಡುವವರು ಕಡಿಮೆ. ಟಾರು ರಸ್ತೆಯ ಮೇಲೆ ರಾಗಿ ತೆನೆ ಹರಡಿದರೆ ಹೋಗಿ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸುತ್ತವೆ. ಹಳೇಬೀಡು ಇನ್ನು ಎರಡು ಮೈಲಿ ಇರುವಾಗ, ಬೆಳಗಿನ ಒಂಬತ್ತರ ಬಿಸಿಲಲ್ಲಿ, ಒಬ್ಬ ಹೆಂಗಸು ರಸ್ತೆಯ ಎಡ ಅಂಚಿನಲ್ಲಿ ಬಗ್ಗಿ ಕಾಳು ಗುಡಿಸುತ್ತಿದ್ದಳು. ಗಾಡಿಯ ಸದ್ದು ಕೇಳಿ ಸರಿಯುವ ಬದಲು ಕಾಳಿನ ಮೊರ ಎತ್ತಿಕೊಳ್ಳಲು ಒಂದು ಹೆಜ್ಜೆ ಮುಂದೆ ಬಂದಳು. ಅಪ್ಪ ಬ್ರೇಕ್ ಒತ್ತಿದ.

ಗಾಡಿ ನಿಲ್ಲುವುದರಲ್ಲಿತ್ತು. ನಿಂತೇಬಿಡುತ್ತಿತ್ತು. ಅಪ್ಪನ ಬಲಗೈ ಇಷ್ಟು ವರ್ಷ ಮಾಡಿದ್ದನ್ನೇ ಮಾಡಿತು. ಎಡಕ್ಕೆ ಎಳೆಯದ ಗಾಡಿಯನ್ನು ಬಲಕ್ಕೆ ಎಳೆದುಕೊಂಡಿತು. ಎದುರಿಗೆ ಯಾರೂ ಇರಲಿಲ್ಲ, ಅದೊಂದು ಪುಣ್ಯ. ರಸ್ತೆ ದಾಟಿ ಬಲಬದಿಯ ಹುಣಸೆ ಮರಕ್ಕೆ ಮೂತಿ ಕೊಟ್ಟು ನಿಂತಿತು. ಸ್ಟಿಯರಿಂಗಿನ ಕಡ್ಡಿಗಳ ನಡುವೆ ಸಿಕ್ಕಿದ ಬಲಗೈಯ ಮಣಿಕಟ್ಟು ಪುಡಿಯಾಯಿತು.

ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಅಪ್ಪನನ್ನು ಆಸ್ಪತ್ರೆಗೆ ಸಾಗಿಸಿದ್ದರು. ರಸ್ತೆಯ ತುಂಬ ಕಾಯಿ. ಮೊದಲು ನಾನು ನೋಡಿದ್ದು ಗಾಡಿಯನ್ನಲ್ಲ, ಟಾರಿನ ಮೇಲಿನ ಕಪ್ಪು ಗೆರೆಗಳನ್ನು. ಎರಡು ಗೆರೆ, ಒಂದೇ ಸಮ, ಒಂದಿಷ್ಟು ದೂರ ನೆಟ್ಟಗೆ. ಎರಡೂ ಚಕ್ರ ಒಂದೇ ತರ ಹಿಡಿದಿವೆ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆಮೇಲೆ ಎರಡೂ ಒಟ್ಟಿಗೆ ಬಲಕ್ಕೆ ಹೊರಳಿದ್ದವು. ಅಲ್ಲೇ ಕೂತುಬಿಟ್ಟೆ. ಯಾರೂ ನನಗೆ ಏನೂ ಹೇಳಬೇಕಾಗಿರಲಿಲ್ಲ.

ಗುಡಿಸುತ್ತಿದ್ದ ಹೆಂಗಸು ಬಂದು ನನ್ನ ತೋಳು ಹಿಡಿದುಕೊಂಡಳು. "ಅಣ್ಣ ನನ್ ನೋಡಿ ನಿಲ್ಲಿಸ್ತಾನೇ ಇದ್ದ ಕಣವ್ವ. ನಿಂತಂಗೇ ಇತ್ತು. ಏನಾಯ್ತೋ ಆ ಕಡೀಕೆ ತಿರುಗ್ಬುಡ್ತು. ನಾನು ರಸ್ತೇಲಿ ರಾಗಿ ಹಾಕಿದ್ದೆ ಅಂತ ಪೊಲೀಸ್ನೋರು ನನ್ನ ಹಿಡ್ಕೊಂಡೋಯ್ತಾರಾ?" ಅಷ್ಟರಲ್ಲಿ ಅವಳ ಮನೆಯವರು ಹುಲ್ಲನ್ನೆಲ್ಲ ಎಳೆದು ಬಾಚಿ ಹೊಲಕ್ಕೆ ಸಾಗಿಸುತ್ತಿದ್ದರು. ಗೆರೆಗಳ ಮೇಲೆ ಹೊಟ್ಟು ಹರಡಿತು.

ಆಸ್ಪತ್ರೆಯಲ್ಲಿ ಅಪ್ಪನ ಕೈಗೆ ಮೊಣಕೈವರೆಗೆ ಪಟ್ಟಿ ಸುತ್ತಿದ್ದರು. ಅವ್ವ ಗೋಡೆಗೆ ಒರಗಿ ಕೂತಿದ್ದಳು. ನಾನು ಹತ್ತಿರ ಹೋದೆ. ಅಪ್ಪ ಕಣ್ಣು ಬಿಟ್ಟು, ಮೆಲ್ಲಗೆ, ಅವ್ವನಿಗೆ ಕೇಳದ ಹಾಗೆ ಹೇಳಿದ:

"ಬ್ರೇಕು ಏನ್ ಹಿಡೀತು ಅಂತೀಯ. ಭೇಷಾಗಿ ಹಿಡೀತು ಕಣವ್ವ. ನಿನ್ ಕೆಲಸದಲ್ಲಿ ಏನೂ ತಪ್ಪಿಲ್ಲ. ಭೇಷ್."

ನಾನು ಅಳತೊಡಗಿದೆ.

"ಈ ನನ್ಮಗಂದು ಕೈ" ಎಂದು ಪಟ್ಟಿ ಸುತ್ತಿದ ಕೈಯನ್ನು ಬೈದ. "ಹೇಳಿದ್ ಮಾತು ಕೇಳ್ಲಿಲ್ಲ."

ಪೊಲೀಸಿನವನು ಹಾಳೆ ಹಿಡಿದು ಬಂದ. ಕೆಟ್ಟ ಮನುಷ್ಯನಲ್ಲ, ಕೇಳಬೇಕಾದ್ದನ್ನು ಕೇಳಿದ. "ಬ್ರೇಕ್ ಫೇಲಾ? ಗಾಡಿಗೆ ಈಚೆಗೆ ಏನಾದ್ರೂ ಕೆಲಸ ಮಾಡ್ಸಿದ್ರಾ? ಯಾರು ಮಾಡಿದ್ದು?"

ನಾನು ಬಾಯಿ ತೆರೆದೆ. ತೆರೆದದ್ದು ನಿಜ, ಅಷ್ಟು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳಬಲ್ಲೆ. ಅಪ್ಪ ನನಗಿಂತ ಮುಂಚೆ ಹೇಳಿಬಿಟ್ಟ.

"ನಿದ್ದೆ ಹತ್ತುಬುಡ್ತು ಸ್ವಾಮಿ. ಬೆಳಗಿನ ಜಾವ ಎದ್ದಿದ್ನಲ್ಲ. ಗಾಡಿ ಸರಿಯಾಗೈತೆ."

"ರಸ್ತೇಲಿ ರಾಗಿ ಹಾಕಿದ್ರಂತೆ?"

"ಅವ್ರದ್ದೇನಿಲ್ಲ ಸ್ವಾಮಿ. ಮಂಪರು ಬಂದ್ಬುಡ್ತು. ಬರ್ಕೊಳಿ."

ಬರೆದುಕೊಂಡ. ಎಡಗೈ ಹೆಬ್ಬೆಟ್ಟು ಒತ್ತಿಸಿದ. ಅಪ್ಪನಿಗೆ ಸಹಿ ಮಾಡಲು ಬರುತ್ತಿತ್ತು, ನಾನೇ ಕಲಿಸಿದ್ದೆ. ಆದರೆ ಅದು ಬಲಗೈಯ ಸಹಿ.

ಅವನು ಹೋದ ಮೇಲೆ ಹೇಳಿದೆ, "ಅಪ್ಪ, ಯಾಕಪ್ಪ ಹಂಗೆ ಹೇಳಿದೆ? ನೀನು ಯಾವತ್ತಾದ್ರೂ..."

"ನೀ ಸುಮ್ಕಿರು. ನಿನ್ ಕೆಲಸದ ಕಾಗದ ಇನ್ನೂ ಬಂದಿಲ್ಲ. ಈಗಿಂದೀಗ ಬ್ರೇಕ್ ಕಟ್ಟಿದ್ದು ನೀನು ಅಂತ ಬರೆದ್ರೆ, ನಾಳೆ ಅದನ್ನ ಯಾವನ್ ಹೆಂಗೆ ಓದ್ತಾನೋ. ನಾನು ಓಡಿಸಿ ಆಯ್ತು. ನೀನು ಈಗ ಹೊರಟಿದ್ದೀಯ."

ನಾನು ಸುಮ್ಮನಾದೆ. ಕೆಲಸ ಬೇಕಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ, ಕೆಲಸ ಬೇಕಿತ್ತು.

ಮಂಡಿಯಲ್ಲಿ ಸುದ್ದಿ ಹರಡಿತು. ನಿಂಬೆಹಣ್ಣು ಇಡದೇ ಇದ್ದದ್ದಕ್ಕೇ ಹೀಗಾಯಿತು ಎಂದರು ಕೆಲವರು. ನಿದ್ದೆ ಎಂದರು ಉಳಿದವರು. ಕುಡಿದಿರಬೇಕು ಎಂದೂ ಒಬ್ಬ ಅಂದನಂತೆ, ಹನಿ ಮುಟ್ಟದ ಮನುಷ್ಯನಿಗೆ. ನಂಜುಂಡಣ್ಣ ಗಾಡಿಯನ್ನು ಎಳೆಸಿ ತಂದು, ಮುಂದಿನ ಚಕ್ರ ಎತ್ತಿಸಿ, ಎರಡೂ ಕಡೆ ತಿರುಗಿಸಿ ನೋಡಿದ. ನೋಡಿ ನನ್ನ ಕಡೆ ತಿರುಗಿದ. ಕೈ ಒರೆಸುವ ಬಟ್ಟೆ ಕೊಟ್ಟು, "ಕಣ್ಣು ಒರಸ್ಕೋ ಕಣವ್ವ. ಗ್ರೀಸ್ ಇಲ್ಲ, ಒಗೆದಿದ್ದು" ಅಂದ.

ಅಪ್ಪನ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು. ಬೆರಳು ಪೂರ್ತಿ ಮಡಿಯುತ್ತಿರಲಿಲ್ಲ. ಸಂಕ್ರಾಂತಿ ಕಳೆದು ನನ್ನ ಆದೇಶ ಬಂತು. ಗಾಡಿಯನ್ನು ನಂಜುಂಡಣ್ಣನೇ ರಿಪೇರಿ ಮಾಡಿಸಿ ಮಾರಿಕೊಟ್ಟ, ಯಾರಿಗೆ ಎಂದು ಅಪ್ಪ ಕೇಳಲಿಲ್ಲ. ನನ್ನನ್ನು ಕೆಲಸಕ್ಕೆ ಸೇರಿಸಲು ಅಪ್ಪನೂ ಬಂದ. ಬಸ್ಸಿನಲ್ಲಿ ಡ್ರೈವರಿನ ಹಿಂದಿ‌ನ ಸೀಟು. ಇಬ್ಬರ ನಡುವೆ ನನ್ನ ಸರ್ಟಿಫಿಕೇಟುಗಳ ಚೀಲ. ಬಸ್ಸು ನಿಲ್ದಾಣ ನಿಲ್ದಾಣದಲ್ಲಿ ಬ್ರೇಕ್ ಹಾಕುತ್ತಿತ್ತು. ಪ್ರತಿ ಸಲವೂ, ಅಪ್ಪನ ತೊಡೆಯ ಮೇಲಿದ್ದ ಆ ಸೊಟ್ಟ ಕೈ ಬಲಕ್ಕೆ ಒಂದಿಷ್ಟು ಎಳೆದುಕೊಳ್ಳುತ್ತಿತ್ತು. ಅಪ್ಪ ಕಿಟಕಿಯಾಚೆ ನೋಡುತ್ತಿದ್ದ, ಅವನಿಗೆ ಗೊತ್ತಾಗುತ್ತಿರಲಿಲ್ಲ. ನಾನು ಮೊದಮೊದಲು ನೋಡಿದೆ. ಆಮೇಲೆ ಆ ಕೈಯನ್ನು ನನ್ನ ಕೈಯಲ್ಲಿ ಹಿಡಿದುಕೊಂಡು ಕೂತೆ. ಹಿಡಿದರೂ ಎಳೆಯುತ್ತಿತ್ತು.

ಎರಡು ವರ್ಷದ ಮೇಲೆ ಅಪ್ಪ ಎದೆನೋವಿನಲ್ಲಿ ಹೋದ. ಮಣ್ಣು ಮಾಡಲು ಮಂಡಿಯ ಜನವೆಲ್ಲ ಬಂದಿದ್ದರು. "ಚಿನ್ನದಂಥ ಡ್ರೈವರು. ಅವತ್ತೊಂದು ದಿನ ನಿದ್ದೆ ಹತ್ತದೇ ಇದ್ದಿದ್ರೆ" ಎಂದು ಒಬ್ಬರು ನನ್ನ ಪಕ್ಕದಲ್ಲೇ ನಿಂತು ಹೇಳಿದರು. ಆಗಲೂ ನಾನು ಸುಮ್ಮನಿದ್ದೆ. ಆಗ ಕಾಗದ ಬಂದಾಗಿತ್ತು, ಕೆಲಸ ಖಾಯಂ ಆಗಿತ್ತು. ಆಗ ಸುಮ್ಮನಿದ್ದದ್ದಕ್ಕೆ ಕಾರಣವೇ ಇಲ್ಲ.

ಅರೇಹಳ್ಳಿಯಲ್ಲಿ ಆ ದಿನ ನರ್ಸರಿಯವರು ಹೊರಗೆ ಬಂದರು. ನಲವತ್ತರ ಆಸುಪಾಸು, ತಲೆಗೆ ಟವೆಲು. ನಾನು ಗಾಡಿಯನ್ನು ನೋಡುವುದನ್ನು ನೋಡಿ, "ಹಳೇ ಗಾಡಿ ಹುಚ್ಚಾ ಮೇಡಂ?" ಎಂದು ನಕ್ಕರು. ಪಾಲಿಟೆಕ್ನಿಕ್ಕಿನಲ್ಲಿ ಆಟೊಮೊಬೈಲ್ ಪಾಠ ಹೇಳುತ್ತೇನೆ ಎಂದೆ. ಒಂದು ಸಲ ಓಡಿಸಿ ನೋಡಬಹುದೇ ಎಂದೂ ಕೇಳಿದೆ. ಕೇಳಿದ್ದು ನನಗೇ ಆಶ್ಚರ್ಯವಾಯಿತು. ಅವರು ಧಾರಾಳ ಮನುಷ್ಯರು, ಸಸಿ ಇಳಿಸಿ ಕೀಲಿ ಕೊಟ್ಟು, ತಾವು ಎಡಗಡೆ ಸೀಟಿನಲ್ಲಿ ಕೂತರು.

ಸ್ಟಿಯರಿಂಗ್ ಹಿಡಿದೆ. ಬಲಗಡೆ ಒಂದು ಜಾಗದಲ್ಲಿ ಅಂಗೈ ಅಗಲ ಸವೆದು ತಗ್ಗಾಗಿತ್ತು. ಉಳಿದ ಕಡೆಯೆಲ್ಲ ಮೊದಲಿನ ಗೀಟುಗಳು ಹಾಗೇ ಇದ್ದವು.

"ಅದೊಂದು ಕಡೆ ಮಾತ್ರ ಯಾಕೆ ಸವೆದಿದೆಯೋ ಗೊತ್ತಿಲ್ಲ ಮೇಡಂ" ಎಂದರು. "ನಾನು ತಗೊಂಡಾಗಲೇ ಹಂಗಿತ್ತು."

ಬೇಲೂರಿನ ಕಡೆ ರಸ್ತೆ ಖಾಲಿ ಇತ್ತು. ವೇಗ ಹಿಡಿಸಿದೆ. ಅಂಗೈ ಆ ತಗ್ಗಿನಲ್ಲಿ ಕೂತಿತ್ತು, ನನ್ನ ಕೈಗೆ ಅದು ದೊಡ್ಡದು. ಬೆರಳು ಸಡಿಲಿಸಿ ಬ್ರೇಕ್ ಒತ್ತಿದೆ.

ನೆಟ್ಟಗೆ ನಿಂತಿತು.

"ನೋಡಿದ್ರಾ?" ಅವರಿಗೆ ಹೆಮ್ಮೆ. "ದಾರ ಹಿಡಿದಂಗೆ. ಈ ಬ್ರೇಕ್ ಯಾರೋ ಚೆನ್ನಾಗಿ ಗೊತ್ತಿರೋರು ಕೂರಿಸಿದ್ದಾರೆ. ಇಷ್ಟು ಒಳ್ಳೇ ಬ್ರೇಕ್ ಇಟ್ಕೊಂಡು ಹಳೇ ಓನರ್ ನಿದ್ದೆ ಹತ್ತಿ ಮರಕ್ಕೆ ಗುದ್ದಿದ್ನಂತೆ ನೋಡಿ, ಕರ್ಮ."

ಇಂಜಿನ್ ಆಫ್ ಮಾಡಿದೆ. ಕೈ ಆ ತಗ್ಗಿನಿಂದ ತೆಗೆಯಲಿಲ್ಲ.

"ಅವರು ನಮ್ಮಪ್ಪ" ಎಂದೆ. "ನಿದ್ದೆ ಮಾಡಿರಲಿಲ್ಲ. ಎಚ್ಚರವಾಗಿದ್ದರು."